ಹುಸಿ ಪ್ಯಾಕೆಟ್, ಬಿಟ್‌ಕಾಯಿನ್ ಹ್ಯಾಂಡ್‌ಶೇಕ್‌ನಲ್ಲಿ

ಪೀರ್-ಟು-ಪೀರ್ ಜಾಲದ ಎರಡು ನೋಡ್‌ಗಳ ನಡುವೆ ಹೋಗುವ, ತಲುಪಿದ ಕಡೆ ಎಸೆಯಲೆಂದೇ ಕಳಿಸುವ ಗೂಢಲಿಪಿ ಸಂದೇಶ. ಜಾಲದ ಮೇಲೆ ಕಣ್ಣಿಟ್ಟವರಿಗೆ ಕಾಳು ಯಾವುದು, ಜೊಳ್ಳು ಯಾವುದು ಎಂದು ತಿಳಿಯಬಾರದೆಂಬುದು ಇದರ ಉದ್ದೇಶ. ಇದಕ್ಕೆ ಖಚಿತ ನಿಯಮ ಬರೆದಿರುವುದು ಬಿಟ್‌ಕಾಯಿನ್‌ನ ಬಿಐಪಿ-324 ಎಂಬ ಪ್ರಸ್ತಾವ. ಧ್ರುವ್ ಮೆಹ್ತಾ, ಟಿಮ್ ರಫಿಂಗ್, ಯೋನಾಸ್ ಶ್ನೆಲ್ಲಿ ಮತ್ತು ಪೀಟರ್ ವುಯಿಲೆ ಅದರ ಕರ್ತೃಗಳು.

ಬಿಟ್‌ಕಾಯಿನ್‌ನ ಹಳೆಯ ಕ್ರಮದಲ್ಲಿ ಮುಚ್ಚುಮರೆಯೇ ಇರಲಿಲ್ಲ. ಪ್ರತಿ ಸಂದೇಶವೂ ಎಂದೂ ಬದಲಾಗದ ನಾಲ್ಕು ಬೈಟ್‌ಗಳಿಂದ ಶುರುವಾಗುತ್ತಿತ್ತು, ಅದರ ಬೆನ್ನಿಗೇ ಸಂದೇಶದ ಹೆಸರು. ಇಂಟರ್‌ನೆಟ್ ಸೇವಾದಾರರಿಗೆ ಗುರುತು ಹಿಡಿಯಲು ಅಷ್ಟೇ ಸಾಕು. ಇದೆಲ್ಲವನ್ನೂ ಗೂಢಲಿಪಿಗೆ ಇಳಿಸಿದರೂ ತೊಡಕು ತೀರದು. ಎಲ್ಲ ನೋಡ್‌ಗಳೂ ಅದೇ ಉದ್ದದ ಸಂದೇಶಗಳನ್ನು ಅದೇ ಸರದಿಯಲ್ಲಿ ಕಳಿಸಿದರೆ ಆ ಉದ್ದವೇ ಗುಟ್ಟು ಬಿಟ್ಟುಕೊಡುತ್ತದೆ.

ಹೊಸ ಕ್ರಮದ ಹ್ಯಾಂಡ್‌ಶೇಕ್‌ನಲ್ಲಿ, ಅಂದರೆ ಸಂಪರ್ಕ ಶುರುಮಾಡುವ ಹಂತದಲ್ಲಿ, ಪ್ರತಿ ನೋಡ್ ಮೊದಲು 64 ಬೈಟ್‌ನ ಸಾರ್ವಜನಿಕ ಕೀ ಕಳಿಸುತ್ತದೆ. ಎಲಿಗೇಟರ್‌ಸ್ವಿಫ್ಟ್ ವಿಧಾನದಿಂದ ಬರೆದ ಈ ಕೀ ಬರೀ ಯಾದೃಚ್ಛಿಕ ಬೈಟ್‌ಗಳಂತೆ ಕಾಣುತ್ತದೆ. ಅದರ ಹಿಂದೆ 4,095 ಬೈಟ್‌ವರೆಗೆ ಎಷ್ಟಾದರೂ ಕಸ ಸೇರಿಸಬಹುದು, ಸೇರಿಸದೆಯೂ ಇರಬಹುದು. ಕಸ ಮುಗಿದದ್ದನ್ನು ತಿಳಿಸುವುದು 16 ಬೈಟ್‌ನ ಅಂತ್ಯಸೂಚಕ. ಇಬ್ಬರಿಗೆ ಮಾತ್ರ ಗೊತ್ತಿರುವ ರಹಸ್ಯದಿಂದ ಅದು ಹುಟ್ಟುವುದರಿಂದ ಮೂರನೆಯವರ ಕಣ್ಣಿಗೆ ಅದೂ ಕಸವೇ.

ಹುಸಿ ಪ್ಯಾಕೆಟ್‌ಗಳ ಸರದಿ ಆಮೇಲಿನದು. ಹ್ಯಾಂಡ್‌ಶೇಕ್ ಮುಗಿಸುವ ಆವೃತ್ತಿ ಪ್ಯಾಕೆಟ್‌ಗೆ ಮುಂಚೆಯೂ, ಆನಂತರವೂ ಅವನ್ನು ಬೇಕೆಂದಷ್ಟು ಕಳಿಸಬಹುದು. ಯಾವುದೇ ಪ್ಯಾಕೆಟ್‌ನಲ್ಲಿ 3 ಬೈಟ್‌ನ ಉದ್ದ, 1 ಬೈಟ್‌ನ ಶೀರ್ಷ, ಒಳಗಿನ ಸಾಮಗ್ರಿ, ಕೊನೆಗೆ 16 ಬೈಟ್‌ನ ದೃಢೀಕರಣ ಮುದ್ರೆ ಇರುತ್ತವೆ. ಹುಸಿ ಎಂದು ಹೇಳುವುದು ಶೀರ್ಷದ ಒಂದೇ ಒಂದು ಬಿಟ್, ಅದೂ ಗೂಢಲಿಪಿಯೊಳಗೆ. ಎಸೆಯುವುದೇ ಆದರೂ ತಪಾಸಣೆ ತಪ್ಪುವುದಿಲ್ಲ: ಮುದ್ರೆ ತಾಳೆಯಾಗದಿದ್ದರೆ ಸಂಪರ್ಕ ಕಡಿದುಹೋಗುತ್ತದೆ. ಮೊದಲ ಪ್ಯಾಕೆಟ್, ಅದು ಹುಸಿಯೇ ಆಗಿದ್ದರೂ, ಹಿಂದೆ ಹೋದ ಕಸವನ್ನೂ ದೃಢೀಕರಿಸಬೇಕು. ದಾರಿಯಲ್ಲಿ ಯಾರಾದರೂ ಕಸದ ಒಂದು ಬೈಟ್ ತಿದ್ದಿದರೂ ಸಿಕ್ಕಿಬೀಳುತ್ತದೆ. ಈ ವಿನ್ಯಾಸದಲ್ಲಿ ಎಲ್ಲಕ್ಕಿಂತ ಜಾಣತನದ ಭಾಗ ಇದೇ.

ಬಿಟ್‌ಕಾಯಿನ್ ಕೋರ್ 26.0ರಲ್ಲಿ (2023) ಈ ಕ್ರಮ ಐಚ್ಛಿಕವಾಗಿತ್ತು, 27.0ರಿಂದ (2024) ತಾನಾಗಿಯೇ ಚಾಲೂ ಆಯಿತು. ಆದರೆ ಈ ಎರಡೂ ಆವೃತ್ತಿಗಳು ಯಾದೃಚ್ಛಿಕ ಉದ್ದದ ಕಸ ಕಳಿಸಿ ಸುಮ್ಮನಾಗುತ್ತವೆ. ಹುಸಿ ಪ್ಯಾಕೆಟ್ ಬಂದರೆ ಎಸೆಯುತ್ತವೆ, ತಾವು ಕಳಿಸುವುದಿಲ್ಲ. ನೋಡ್‌ಗಳು ಪರಸ್ಪರರ ಗುರುತನ್ನೂ ಪರೀಕ್ಷಿಸುವುದಿಲ್ಲ. ಹಾಗಾಗಿ ನಡುವೆ ಕೂತು ಎರಡೂ ಕಡೆಗೆ ಬೇರೆಬೇರೆ ಹ್ಯಾಂಡ್‌ಶೇಕ್ ಮಾಡುವವರಿಗೆ ಹುಸಿ ಯಾವುದೆಂದು ಸಲೀಸಾಗಿ ಕಾಣುತ್ತದೆ. ಎರಡು ತುದಿಯವರೂ ತಮ್ಮ ತಮ್ಮ ಹ್ಯಾಂಡ್‌ಶೇಕ್‌ನ ರಹಸ್ಯದಿಂದ ಹುಟ್ಟುವ ಸೆಷನ್ ಐಡಿಯನ್ನು ಬೇರೆ ದಾರಿಯಲ್ಲಿ ಹೋಲಿಸಿ ನೋಡಿದರೆ ಅಂಥ ಮಧ್ಯವರ್ತಿ ಪತ್ತೆಯಾಗಬಹುದು.