ಜೀವನಚಕ್ರ ಮೌಲ್ಯಮಾಪನದ ಇತಿಹಾಸ

ಜೀವನಚಕ್ರ ಮೌಲ್ಯಮಾಪನ: ಒಂದು ವಸ್ತು ಕಚ್ಚಾ ಸರಕಾಗಿ ನೆಲದಿಂದ ಹೊರಬಂದಾಗಿನಿಂದ ಕಸವಾಗಿ ಮತ್ತೆ ನೆಲ ಸೇರುವವರೆಗೆ ಎಷ್ಟು ಶಕ್ತಿ, ನೀರು, ಖನಿಜ ನುಂಗಿತು, ಗಾಳಿಗೂ ನೀರಿಗೂ ಮಣ್ಣಿಗೂ ಏನೇನು ಬಿಟ್ಟಿತು ಎಂಬುದರ ಲೆಕ್ಕ. ಇಂದು ಪರಿಸರ ವಿಜ್ಞಾನದ ಅಂಗವೆನಿಸಿರುವ ಈ ಲೆಕ್ಕ ಮೊಳಕೆಯೊಡೆದದ್ದು ಮಾತ್ರ ತಂಪು ಪಾನೀಯದ ವ್ಯಾಪಾರದಲ್ಲಿ.

1969ರಲ್ಲಿ ಅಮೆರಿಕದ ಕೋಕಾ-ಕೋಲಾ ಕಂಪನಿಯ ಮುಂದೆ ಎರಡು ಪ್ರಶ್ನೆಗಳಿದ್ದವು. ಡಬ್ಬಿಗಳನ್ನು ತಾನೇ ತಯಾರಿಸಬೇಕೆ? ಗಾಜಿನ ಬಾಟಲಿಯ ಜಾಗಕ್ಕೆ ಪ್ಲಾಸ್ಟಿಕ್ ತರಬಹುದೆ? ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದ ಹ್ಯಾರಿ ಟೀಸ್ಲಿ ಬರೀ ದುಡ್ಡಿನ ಲೆಕ್ಕಕ್ಕೆ ತೃಪ್ತರಾಗದೆ, ಶಕ್ತಿ ಮತ್ತು ಮಾಲಿನ್ಯದ ಲೆಕ್ಕವನ್ನೂ ಕೇಳಿದರು. ಕಾನ್ಸಸ್ ಸಿಟಿಯ ಮಿಡ್‌ವೆಸ್ಟ್ ಸಂಶೋಧನಾ ಸಂಸ್ಥೆ ಅದನ್ನು ಮಾಡಿಕೊಟ್ಟಿತು. ಪ್ಲಾಸ್ಟಿಕ್ ಬಾಟಲಿ ಗಾಜಿಗಿಂತ ಕೆಟ್ಟದ್ದೇನಲ್ಲ ಎಂಬ ಫಲಿತಾಂಶ ಕಂಪನಿಗೆ ಹಿಡಿಸಿತು. ಪೂರ್ಣ ವರದಿ ಮಾತ್ರ ಹೊರಬರಲೇ ಇಲ್ಲ. ಲೆಕ್ಕಕ್ಕೆ ಹಣ ಕೊಟ್ಟವರು ಯಾರು ಎಂಬ ಪ್ರಶ್ನೆ ಅಂದಿನಿಂದಲೂ ಈ ಶಾಸ್ತ್ರದ ಬೆನ್ನು ಬಿಟ್ಟಿಲ್ಲ.

1974ರಲ್ಲಿ ರಾಬರ್ಟ್ ಹಂಟ್, ವಿಲಿಯಂ ಫ್ರಾಂಕ್ಲಿನ್ ಮತ್ತು ಸಂಗಡಿಗರು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗಾಗಿ ಒಂಬತ್ತು ಬಗೆಯ ಪಾನೀಯ ಪಾತ್ರೆಗಳನ್ನು ಹೋಲಿಸಿದ ವರದಿ ಬಹಿರಂಗವಾಯಿತು. ಹತ್ತು ಬಾರಿ ಮರಳಿ ತುಂಬಿಸುವ ಗಾಜಿನ ಬಾಟಲಿ ಅದರಲ್ಲಿ ಮುಂದಿತ್ತು. ಗಾಜು ಒಳ್ಳೆಯದೋ ಕೆಟ್ಟದ್ದೋ ಎನ್ನುವುದಕ್ಕಿಂತ, ಖಾಲಿ ಬಾಟಲಿ ಎಷ್ಟು ಸಲ ಅಂಗಡಿಗೆ ವಾಪಸು ಬರುತ್ತದೆ ಎನ್ನುವುದೇ ಮುಖ್ಯವಾಗಿತ್ತು. ಅದೇ ದಶಕದಲ್ಲಿ ಬ್ರಿಟನ್ನಿನ ಇಯಾನ್ ಬೌಸ್ಟೆಡ್ ಹಾಲಿನ ಬಾಟಲಿ ಮೊದಲಾದ ಪಾತ್ರೆಗಳ ಶಕ್ತಿಬಳಕೆಯನ್ನು ಲೆಕ್ಕಹಾಕುತ್ತಿದ್ದರು. 1973ರ ತೈಲ ಬಿಕ್ಕಟ್ಟು ಈ ಕೆಲಸಕ್ಕೆ ಬೆಲೆ ತಂದಿತು. ತೈಲದ ಚಿಂತೆ ಕಳೆದಂತೆ ಆಸಕ್ತಿಯೂ ಇಳಿಯಿತು.

ಮತ್ತೆ ಎಬ್ಬಿಸಿದ್ದು ಕಸ. 1987ರಲ್ಲಿ ನ್ಯೂಯಾರ್ಕ್ ಪ್ರಾಂತದ 3,000 ಟನ್ನಿಗೂ ಹೆಚ್ಚು ಕಸ ಹೊತ್ತ ‘ಮೊಬ್ರೊ’ ಎಂಬ ದೋಣಿ ಸುರಿಯಲು ಜಾಗ ಸಿಗದೆ ಬೆಲೀಜಿನವರೆಗೂ ಅಲೆದು, ಅದೇ ಕಸದೊಂದಿಗೆ ಹಿಂದಿರುಗಿತು. ಯಾವ ಸಾಮಾನು ಹೆಚ್ಚು ಕಸ ಮಾಡುತ್ತದೆ ಎಂಬ ಜಗಳ ಮನೆಮನೆಗೆ ಬಂತು, ಅದರಲ್ಲೂ ಮಗುವಿನ ಡಯಾಪರಿನ ಸುತ್ತ. ಒಮ್ಮೆ ಬಳಸಿ ಬಿಸಾಡುವ ಡಯಾಪರ್ ತಯಾರಕರು 1990ರಲ್ಲಿ ಮಾಡಿಸಿದ ಅಧ್ಯಯನ, ಬಟ್ಟೆ ಡಯಾಪರ್ ಒಗೆಯಲು ಬೇಕಾದ ಬಿಸಿನೀರು ಮತ್ತು ವಿದ್ಯುತ್ತನ್ನು ಎತ್ತಿ ತೋರಿಸಿತು. ಬಟ್ಟೆಯ ಪರ ನಿಂತವರ ಅಧ್ಯಯನ ತದ್ವಿರುದ್ಧ ಹೇಳಿತು. ಯಾರೂ ಸುಳ್ಳು ಬರೆಯಬೇಕಾಗಿರಲಿಲ್ಲ. ನೀರಿನ ಬಿಸಿ, ಒಣಗಿಸುವ ವಿಧಾನ, ಬಟ್ಟೆ ಎಷ್ಟು ಸಲ ಬಾಳುತ್ತದೆ ಎಂಬ ಊಹೆಗಳನ್ನು ಬದಲಿಸಿದರೆ ಸಾಕಿತ್ತು. ಬ್ರಿಟಿಷ್ ಸರ್ಕಾರದ 2008ರ ವರದಿಯೂ ಬಟ್ಟೆಯನ್ನು ಹೊರಗೆ ಹರವಿ ಒಣಗಿಸಿ, ಎರಡನೇ ಮಗುವಿಗೂ ಬಳಸಿದರೆ ಹೊರೆ ಗಣನೀಯವಾಗಿ ತಗ್ಗುತ್ತದೆ ಎಂದಿತು. ಅಜ್ಜಿಯ ಹಳೆ ಸೀರೆ ಹರಿದು ಲಂಗೋಟಿ ಮಾಡಿ ಬಿಸಿಲಿಗೆ ಹಾಕುವ ಮನೆಗೆ ಇದೇನೂ ಹೊಸ ಸುದ್ದಿಯಲ್ಲ.

ಇಂಥ ಗೊಂದಲಗಳೇ ನಿಯಮಗಳನ್ನು ತಂದವು. 1990ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಪರಿಸರ ವಿಷವಿಜ್ಞಾನಿಗಳ ಸಂಘ ಕರೆದ ಸಭೆಯ ಬಳಿಕ ಈಗಿನ ಹೆಸರು ನೆಲೆಯಾಯಿತು. 1992ರಲ್ಲಿ ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ಕೈಪಿಡಿ, 1993ರಲ್ಲಿ ಪೋರ್ಚುಗಲ್ಲಿನ ಸೆಸಿಂಬ್ರಾದಲ್ಲಿ ರೂಪುಗೊಂಡ ಸಂಹಿತೆ, 1997ರಲ್ಲಿ ಐಎಸ್ಒ 14040 ಮಾನಕ ಬಂದವು. ಗುರಿ ಮತ್ತು ವ್ಯಾಪ್ತಿಯ ನಿರ್ಣಯ, ಒಳಹರಿವು ಹೊರಹರಿವಿನ ಪಟ್ಟಿ, ಪರಿಣಾಮದ ಅಳತೆ, ಅರ್ಥವಿವರಣೆ ಎಂಬ ನಾಲ್ಕು ಘಟ್ಟಗಳು ಗಟ್ಟಿಯಾದದ್ದು ಹೀಗೆ.

ಭಾರತದಲ್ಲೂ ಕಟ್ಟಡ ಸಾಮಗ್ರಿಯ ವಿಷಯದಲ್ಲಿ ಈ ಲೆಕ್ಕಕ್ಕೆ ಹತ್ತಿರದ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಅಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಆರಂಭಿಸಿದರು. ಆ ಪರಂಪರೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಲೇಖನದಂತೆ ಒಂದು ಕಿಲೋ ಸಿಮೆಂಟಿಗೆ ಸುಮಾರು 6 ಮೆಗಾಜೂಲ್, ಉಕ್ಕಿಗೆ 42, ಅಲ್ಯೂಮಿನಿಯಂಗೆ 237ರಷ್ಟು ಶಕ್ತಿ ಬೇಕು. ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆಗೆ ಗೂಡಿನಲ್ಲಿ ಸುಡುವ ಕೆಲಸವೇ ಇಲ್ಲದ್ದರಿಂದ, ಸುಟ್ಟ ಇಟ್ಟಿಗೆಗಿಂತ ಬಹಳ ಕಡಿಮೆ ಶಕ್ತಿ ಸಾಕು.

ಲೆಕ್ಕದ ಎಲ್ಲೆಯನ್ನು ಎಲ್ಲಿ ಎಳೆಯಬೇಕು ಎಂಬ ತಕರಾರು ಮಾತ್ರ ಮುಗಿದಿಲ್ಲ. ಡೆನ್ಮಾರ್ಕಿನ 2018ರ ಅಧ್ಯಯನದ ಪ್ರಕಾರ ಹತ್ತಿ ಚೀಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಹವಾಮಾನದ ದೃಷ್ಟಿಯೊಂದರಿಂದ 52 ಸಲ, ಎಲ್ಲ ಪರಿಣಾಮಗಳನ್ನೂ ಸೇರಿಸಿದರೆ 7,100 ಸಲ ಬಳಕೆಯಾಗಬೇಕು. ಎರಡನೆಯ ಸಂಖ್ಯೆ ಜಗತ್ತಿನೆಲ್ಲೆಡೆ ಸುದ್ದಿಯಾಯಿತು, ಮೊದಲನೆಯದು ಅಷ್ಟಾಗಿ ಆಗಲಿಲ್ಲ. ಬಳಸಿದ ಚೀಲಗಳೆಲ್ಲ ಡೆನ್ಮಾರ್ಕಿನ ಕಸ ವ್ಯವಸ್ಥೆಯ ಮೂಲಕವೇ ಹೋಗುತ್ತವೆಂದು ಅಲ್ಲಿ ಹಿಡಿದಿದ್ದರು. ಚರಂಡಿ ಕಟ್ಟಿಕೊಳ್ಳುವಂತೆ ಮಾಡುವ ಚೀಲ, ಹಸುವಿನ ಹೊಟ್ಟೆ ಸೇರುವ ಚೀಲ ಆ ಲೆಕ್ಕದೊಳಗೆ ಇರಲಿಲ್ಲ.