ಕೈ ಪಳಗುವುದು ಎಲ್ಲಿ? ಕೆಜಿಎಫ್ ಸೀಮೆಯಿಂದ ಕಂಡಂತೆ ಎಐ ಕಾಲದ ಕಂಪ್ಯೂಟರ್ ವೃತ್ತಿ

ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್, ಉರಿಗಾಂ, ಕೋರಮಂಡಲ್, ಬೆಮಲ್ ನಗರ ದಾಟಿ ಬಂಗಾರಪೇಟೆ ಸೇರುತ್ತದೆ. ಅಲ್ಲಿಂದ ಟೇಕಲ್, ಮಾಲೂರು, ವೈಟ್‌ಫೀಲ್ಡ್. ಚಿನ್ನದ ಗಣಿಗಾಗಿ 1894ರಲ್ಲಿ ಹಾಕಿದ ಈ ಕವಲು ಹಳಿಯೇ ಇವತ್ತು ಕೆಜಿಎಫ್‌ನ ಜೀವನಾಡಿ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ದುಡಿಮೆ ಹುಡುಕಿಕೊಂಡು ಸಾವಿರಾರು ಜನ ದಿನವೂ ಬೆಂಗಳೂರಿಗೆ ಹೋಗಿಬರುವಂತಾಯಿತು. ಹೆಚ್ಚಿನವರಿಗೆ ಸಿಕ್ಕಿದ್ದು ಅಂಗಡಿ, ಕಾರ್ಖಾನೆ, ಕಾವಲಿನ ಕೆಲಸ. ಎಂಜಿನಿಯರಿಂಗ್ ಓದಿದವರಿಗೆ ಮಾತ್ರ ಸಾಫ್ಟ್‌ವೇರ್ ಕಂಪನಿಗಳ ಬಾಗಿಲು ತೆರೆಯಿತು. ಮನೆಗೊಬ್ಬರಾದರೂ ಕಂಪ್ಯೂಟರ್ ಸೈನ್ಸ್ ಓದಲಿ ಎಂಬ ಆಸೆ ಬೇರೂರಿದ್ದು ಹೀಗೆ. ಈಗ ಕೃತಕ ಬುದ್ಧಿಮತ್ತೆಯೇ ಕೋಡ್ ಬರೆಯುತ್ತಿರುವಾಗ ಆ ಓದಿಗೆ ಲಕ್ಷಗಟ್ಟಲೆ ಸುರಿಯಬೇಕೇ ಎಂದು ತಂದೆತಾಯಿ ಕೇಳುತ್ತಿದ್ದಾರೆ. ಓದುವುದೇ ಬೇಡ ಎನ್ನುವುದು ದುಡುಕು. ಹಿಂದಿನವರು ಹೋದ ದಾರಿಯಲ್ಲೇ ಹೋಗಬಹುದು ಎನ್ನುವುದು ಹುಸಿ ಭರವಸೆ. ಹೊಸಬರ ಕೈ ಪಳಗಿಸುವ ಹೊಣೆಯನ್ನು ಇಷ್ಟು ದಿನ ಯಾರು ಹೊತ್ತಿದ್ದರು, ಈಗ ಯಾರು ಇಳಿಸುತ್ತಿದ್ದಾರೆ ಎಂಬುದನ್ನು ನೋಡದೆ ಈ ಪ್ರಶ್ನೆಗೆ ಉತ್ತರವಿಲ್ಲ ಎಂಬುದು ನನ್ನ ವಾದ.

ಉದ್ಯಮ ಬೆಳೆದ ಬಗೆಯನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಯನ್ನು ಶುರುಮಾಡಿದ್ದು 1978ರಲ್ಲಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು, 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ವ್ಯವಸ್ಥೆ ಬಂತು, 1998ರಲ್ಲಿ ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್ ಐಟಿಪಿಎಲ್ ತೆರೆಯಿತು. ಅದು ಕೆಜಿಎಫ್ ರೈಲಿನ ಹಾದಿಯಲ್ಲೇ ಇತ್ತು. 2000ದ ಇಸವಿಯ ದಿನಾಂಕದ ತೊಡಕನ್ನು ಸರಿಪಡಿಸಲು ಜಗತ್ತಿಗೆಲ್ಲ ಏಕಾಏಕಿ ಸಾವಿರಾರು ಕೈಗಳು ಬೇಕಾದಾಗ, ಕಂಪನಿಗಳು ಸಿವಿಲ್, ಮೆಕ್ಯಾನಿಕಲ್ ಓದಿದವರನ್ನೂ ತೆಗೆದುಕೊಂಡವು. ಕಾಲೇಜಿನಲ್ಲಿ ಏನು ಕಲಿತೆ ಎಂದು ಅವು ಹೆಚ್ಚು ಕೆದಕಲಿಲ್ಲ. ಕಲಿಸುವುದು ತಮ್ಮದೇ ಖರ್ಚು ಎಂದು ಲೆಕ್ಕ ಹಾಕಿದ್ದವು. ಮೈಸೂರಿನ ಇನ್ಫೋಸಿಸ್ ತರಬೇತಿ ಕ್ಯಾಂಪಸ್ ಆ ಲೆಕ್ಕಾಚಾರಕ್ಕೆ ಕಟ್ಟಡದ ರೂಪ ಕೊಟ್ಟಿತು. ಅಲ್ಲಿ ಹೊಸಬರಿಗೆ ಸಂಬಳ ಕೊಟ್ಟು ತಿಂಗಳುಗಟ್ಟಲೆ ಪಾಠ ಹೇಳಲಾಯಿತು. ತರಬೇತಿ ಮುಗಿದ ಮೇಲೂ ಮೊದಲೆರಡು ವರ್ಷ ಕೊಡುತ್ತಿದ್ದುದು ಸಣ್ಣ ಕೆಲಸವೇ: ಬೇರೆಯವರು ಬರೆದ ಕೋಡ್ ಪರೀಕ್ಷಿಸುವುದು, ಬಂದ ದೂರುಗಳಲ್ಲಿ ಸುಲಭದ್ದನ್ನು ಸರಿಪಡಿಸುವುದು, ಹತ್ತು ವರ್ಷದ ಹಿಂದೆ ಯಾರೋ ಬರೆದು ಬಿಟ್ಟುಹೋದ ಪ್ರೋಗ್ರಾಂ ಓದಿ ಅರ್ಥ ಮಾಡಿಕೊಳ್ಳುವುದು. ಬೇಸರದ ಕೆಲಸ, ನಿಜ. ಆದರೆ ಉರಿಗಾಂನಲ್ಲಿ 1986ರಲ್ಲಿ ಗೋಲ್ಡನ್ ವ್ಯಾಲಿ ಎಂಬ ಹೆಸರಿನಲ್ಲಿ ಶುರುವಾಗಿ ಇಂದು ಡಾ. ಟಿ. ತಿಮ್ಮಯ್ಯ ಅವರ ಹೆಸರು ಹೊತ್ತಿರುವಂಥ ಕಾಲೇಜುಗಳಿಂದ ಬಂದ ಹುಡುಗ ಹುಡುಗಿಯರಿಗೆ ನಿಜವಾದ ಶಾಲೆ ಅದೇ ಆಗಿತ್ತು. ದೊಡ್ಡ ಕಾಲೇಜಿನ ಪದವಿ, ಪರಿಚಯದ ಬಲ ಯಾವುದೂ ಇಲ್ಲದವರು ಉಳಿದವರಿಗೆ ಸಮನಾಗಿ ನಿಂತದ್ದು ಅಲ್ಲಿ.

ಎಐ ಮೊದಲು ಕೈಹಾಕಿರುವುದು ಈ ಸಣ್ಣ ಕೆಲಸಕ್ಕೆ. ಗಿಟ್‌ಹಬ್ ಕೋಪೈಲಟ್ 2021ರಲ್ಲಿ, ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಬಂದವು. 2021–22ರಲ್ಲಿ ಒಂದು ಲಕ್ಷ ಫ್ರೆಷರ್‌ಗಳನ್ನು ಸೇರಿಸಿಕೊಂಡಿದ್ದ ಟಿಸಿಎಸ್‌ನ ಒಟ್ಟು ಸಿಬ್ಬಂದಿ 2023–24ರಲ್ಲಿ 13,249ರಷ್ಟು ಇಳಿಯಿತು. ಇದಕ್ಕೆ ಎಐ ಒಂದನ್ನೇ ಹೊಣೆ ಮಾಡುವುದು ಸರಿಯಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಕೋವಿಡ್ ಕಾಲದಲ್ಲಿ ಕಂಪನಿಗಳು ಅಗತ್ಯಕ್ಕಿಂತ ಹೆಚ್ಚು ಜನರನ್ನು ತುಂಬಿಕೊಂಡವು, ಆಮೇಲೆ ಅಮೆರಿಕದಲ್ಲಿ ಬಡ್ಡಿ ದರ ಏರಿ ಗಿರಾಕಿಗಳು ಖರ್ಚು ಬಿಗಿಹಿಡಿದರು. ಆದರೆ ಬರೀ ಮಾರುಕಟ್ಟೆಯ ಏರಿಳಿತವಾಗಿದ್ದರೆ ಎಲ್ಲ ವಯಸ್ಸಿನವರಿಗೂ ಪೆಟ್ಟು ಬೀಳಬೇಕಿತ್ತು. ಸ್ಟ್ಯಾನ್‌ಫರ್ಡ್‌ನ ಎರಿಕ್ ಬ್ರಿನ್ಯುಲ್ಫ್‌ಸನ್ ಮತ್ತು ಸಂಗಡಿಗರು ಅಮೆರಿಕದ ಸಂಬಳದ ದಾಖಲೆಗಳನ್ನು ಜಾಲಾಡಿ 2025ರ ಆಗಸ್ಟ್‌ನಲ್ಲಿ ಹೊರತಂದ ಅಧ್ಯಯನದಲ್ಲಿ, ಎಐಗೆ ಹೆಚ್ಚು ಒಡ್ಡಿಕೊಂಡ ವೃತ್ತಿಗಳಲ್ಲಿ 22ರಿಂದ 25 ವರ್ಷದವರ ಉದ್ಯೋಗ ತುಲನಾತ್ಮಕವಾಗಿ ಶೇ 13ರಷ್ಟು ಕುಗ್ಗಿರುವುದು ಕಂಡಿತು. ಒಂದೊಂದು ಕಂಪನಿಯ ಸ್ವಂತ ಏಳುಬೀಳನ್ನು ಕಳೆದ ಮೇಲೆ ಸಿಕ್ಕ ಅಂಕಿ ಅದು. ಅದೇ ವೃತ್ತಿಗಳಲ್ಲಿ ಹಿರಿಯರ ಉದ್ಯೋಗ ಹಾಗೇ ನಿಂತಿತ್ತು, ಇಲ್ಲವೇ ಬೆಳೆದಿತ್ತು. ಇದು ಅಮೆರಿಕದ ಲೆಕ್ಕ. ನಮ್ಮಲ್ಲಿ 2025ರಲ್ಲಿ ಟಿಸಿಎಸ್ ಘೋಷಿಸಿದ ಶೇ 2ರ ಕಡಿತ ಹೆಚ್ಚಾಗಿ ತಟ್ಟಿದ್ದು ಮಧ್ಯಮ ಮತ್ತು ಹಿರಿಯ ಹಂತದವರಿಗೆ. ಎರಡನ್ನೂ ಒಂದೇ ಮೂಟೆಗೆ ಕಟ್ಟಲಾಗದು. ಆದರೂ ಪಳಗಿದ ಒಂದು ಕೈ, ಜೊತೆಗೊಂದು ಎಐ ಇದ್ದರೆ ಪಳಗದ ಮೂರು ಕೈ ಏಕೆ ಎಂಬ ಯೋಚನೆ ಎಲ್ಲ ಕಡೆಯೂ ಒಂದೇ.

ಹೊಸ ಯಂತ್ರ ಬಂದಾಗಲೆಲ್ಲ ಕೆಲಸ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಕೆಜಿಎಫ್‌ನ ಚರಿತ್ರೆಯೇ ಸಾಕ್ಷಿ ಹೇಳುವಂತೆ ಕಾಣುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿಗೆ ಕರೆಂಟ್ ಬಂದದ್ದು ಅದಾದ ಮೂರು ವರ್ಷಕ್ಕೆ. ಉಗಿಯಂತ್ರದ ಜಾಗಕ್ಕೆ ಮೋಟಾರು ಬಂದರೂ ಗಣಿಯ ಜನಸಂಖ್ಯೆ ಕರಗಲಿಲ್ಲ, ಹೊಸ ಕಸುಬುಗಳು ಹುಟ್ಟಿದವು. ಆದರೆ ಆಗ ಈ ದೇಶದಲ್ಲಿ ವಿದ್ಯುತ್ ಕೆಲಸ ಬಲ್ಲವರು ಸಿದ್ಧರಾಗಿ ಎಲ್ಲೂ ಕೂತಿರಲಿಲ್ಲ ಎಂಬುದನ್ನು ಮರೆಯಬಾರದು. ಜನರನ್ನು ಕೆಲಸದ ಜಾಗದಲ್ಲೇ ತಯಾರು ಮಾಡುವುದು ಗಣಿಗೆ ಅನಿವಾರ್ಯವಾಗಿತ್ತು. ಎಐ ಬಳಸುವ ಇಂದಿನ ಕಂಪನಿಗೆ ಅಂಥ ಅನಿವಾರ್ಯತೆಯಿಲ್ಲ. ಹೊಸಬರನ್ನು ತಯಾರು ಮಾಡದೆಯೂ ಕೆಲವು ವರ್ಷ ನಡೆಸಿಕೊಂಡು ಹೋಗಬಹುದು. ಆಮೇಲೆ ಹಿರಿಯರು ಎಲ್ಲಿಂದ ಬರುತ್ತಾರೆ ಎಂಬ ಚಿಂತೆ ಮೂರು ತಿಂಗಳಿಗೊಮ್ಮೆ ಲಾಭ ತೋರಿಸಬೇಕಾದ ಕಂಪನಿಯ ಮೇಜಿಗೆ ಬರುವುದೇ ಇಲ್ಲ.

ಎಐಯೇ ಗುರುವಾಗಬಲ್ಲದಲ್ಲ, ಕಂಪನಿ ಏಕೆ ಬೇಕು? ನಾನು ಅತ್ಯಂತ ಗಂಭೀರವಾಗಿ ತೆಗೆದುಕೊಳ್ಳುವ ಆಕ್ಷೇಪ ಇದು. ಇಂಗ್ಲಿಷ್ ಪುಸ್ತಕದ ಮುಂದೆ ತಡವರಿಸುವ ಬಂಗಾರಪೇಟೆಯ ವಿದ್ಯಾರ್ಥಿನಿಗೆ ರಿಕರ್ಷನ್ ಎಂದರೇನೆಂದು ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ನಡುರಾತ್ರಿಯೂ ಬೇಸರವಿಲ್ಲದೆ ಹೇಳಿಕೊಡುವ ಶಿಕ್ಷಕ ಹಿಂದೆಂದೂ ಇರಲಿಲ್ಲ. ಈ ಲಾಭವನ್ನು ಕಡಿಮೆ ಎಣಿಸುವುದು ಅನ್ಯಾಯ. ಆದರೆ ವಿವರಣೆ ಕೇಳಿ ತಿಳಿಯುವುದು ಬೇರೆ, ತಪ್ಪು ಹಿಡಿಯುವ ಕಣ್ಣು ಬರುವುದು ಬೇರೆ. ಒಂದು ಉದಾಹರಣೆ: ನಗರಸಭೆಯ ಪಟ್ಟಿಯಲ್ಲಿ ‘ಶ್ರೀನಿವಾಸ’ ಎಂಬ ಹೆಸರು ಎರಡು ಸಲ ಇದೆಯೇ ಎಂದು ಹುಡುಕಬೇಕು. ಎಐ ಕ್ಷಣಾರ್ಧದಲ್ಲಿ ಪ್ರೋಗ್ರಾಂ ಬರೆದುಕೊಡುತ್ತದೆ, ಅದು ಓಡುತ್ತದೆ ಕೂಡ. ಕಣ್ಣಿಗೆ ಈ ಹೆಸರು ನಾಲ್ಕು ಅಕ್ಷರ; ಯೂನಿಕೋಡ್ ಲೆಕ್ಕದಲ್ಲಿ ಒಂಬತ್ತು ಸಂಕೇತ, ದೀರ್ಘ ಈಕಾರವನ್ನು ಬಿಡಿಸಿ ಗುಡಿಸು ಮತ್ತು ದೀರ್ಘದ ಗುರುತಾಗಿ ಬರೆದರೆ ಹತ್ತು. ಎರಡೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ, ಯಂತ್ರಕ್ಕೆ ಮಾತ್ರ ಬೇರೆ ಬೇರೆ ಹೆಸರು. ಮೊದಲು ಎರಡನ್ನೂ ಒಂದೇ ರೂಪಕ್ಕೆ ತರದಿದ್ದರೆ ಹುಡುಕಾಟ ತಪ್ಪುತ್ತದೆ, ತಪ್ಪಿದ್ದು ಯಾರಿಗೂ ತಿಳಿಯುವುದೂ ಇಲ್ಲ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಯಾಂತ್ರಿಕವಾಗಿ ಕನ್ನಡಕ್ಕೆ ತಂದಾಗ ಗಣೇಶನ್ ಎಂಬವರು ಕಣೇಸನ್ ಆದಾರು. ಮೂರು ಭಾಷೆ ಬೆರೆತ ಕೆಜಿಎಫ್‌ನ ಗಣಿ ಕಾರ್ಮಿಕರ ಲೈನ್ ಮನೆಗಳ ಪಟ್ಟಿಗೆ ಇದು ಸಣ್ಣ ವಿಷಯವಲ್ಲ. ಇಂಥದ್ದನ್ನು ಕೇಳಬೇಕೆಂದು ಹೊಳೆಯುವುದು ಒಮ್ಮೆ ಪೆಟ್ಟು ತಿಂದವರಿಗೆ. ಮೆಟರ್ ಎಂಬ ಸಂಸ್ಥೆ 2025ರಲ್ಲಿ 16 ಅನುಭವಿ ಡೆವಲಪರ್‌ಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಎಐ ಬಳಸಿದಾಗ ಕೆಲಸಕ್ಕೆ ಶೇ 19 ಹೆಚ್ಚು ಸಮಯ ಹಿಡಿಯಿತು. ಅವರು ಮಾತ್ರ ತಾವು ಶೇ 20 ಬೇಗ ಮುಗಿಸಿದೆವೆಂದು ನಂಬಿದ್ದರು. ಸಣ್ಣ ಪ್ರಯೋಗ, ಉಪಕರಣಗಳೂ ದಿನದಿನಕ್ಕೆ ಸುಧಾರಿಸುತ್ತಿವೆ. ಆದರೂ ಪಳಗಿದವರೇ ಹೀಗೆ ಮೋಸಹೋಗುವಾಗ ಹೊಸಬರು ತಮ್ಮ ಕಲಿಕೆಯನ್ನು ತಾವೇ ಅಳೆದುಕೊಳ್ಳಲಿ ಎನ್ನುವುದು ಹೇಗೆ?

ನಮ್ಮ ಶಿಕ್ಷಣ ವ್ಯವಸ್ಥೆ ಇದಕ್ಕೆ ಕೊಟ್ಟ ಉತ್ತರ ಸೀಟು ಹೆಚ್ಚಿಸುವುದು. ಒಂದು ವಿಭಾಗಕ್ಕೆ ಇಷ್ಟೇ ಸೀಟು ಎಂಬ ಮಿತಿಯನ್ನು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ 2024–25ರಿಂದ ತೆಗೆದುಹಾಕಿತು. ಎಐ, ಮಷೀನ್ ಲರ್ನಿಂಗ್, ಡೇಟಾ ಸೈನ್ಸ್ ಎಂಬ ಹೆಸರು ಹೊತ್ತ ವಿಭಾಗಗಳು ಊರೂರಿನ ಕಾಲೇಜುಗಳಲ್ಲಿ ತೆರೆದಿವೆ. ಹೆಸರು ನೋಡಿ ಮಾರುಹೋಗಬೇಡಿ ಎಂದು ತಂದೆತಾಯಿಗೆ ಹೇಳಬೇಕೆನಿಸುತ್ತದೆ. ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ನೆಟ್‌ವರ್ಕ್, ಸಂಖ್ಯಾಶಾಸ್ತ್ರವನ್ನು ಗಟ್ಟಿಯಾಗಿ ಕಲಿಸುವ ಹಳೆಯ ಹೆಸರಿನ ವಿಭಾಗವೇ ಮೇಲು. ಎಐ ಕೊಟ್ಟ ಉತ್ತರ ಎಲ್ಲಿ ಮುರಿಯಬಹುದೆಂದು ಊಹಿಸುವ ಶಕ್ತಿ ಬರುವುದು ಅಲ್ಲಿಂದ. ಲ್ಯಾಬ್ ಪರೀಕ್ಷೆಯೂ ಬದಲಾಗಬೇಕು. ಪ್ರೋಗ್ರಾಂ ಬರೆ ಎನ್ನುವುದಕ್ಕಿಂತ, ಬರೆದ ಪ್ರೋಗ್ರಾಂ ಕೊಟ್ಟು ಇದರಲ್ಲಿ ಎಲ್ಲಿ ತಪ್ಪಿದೆ ತೋರಿಸು, ಹೇಗೆ ಗೊತ್ತಾಯಿತು ಹೇಳು ಎನ್ನುವುದು ಈಗ ಹೆಚ್ಚು ಅಳೆಯುತ್ತದೆ.

ಆದರೆ ಕಾಲೇಜು ಎಷ್ಟೇ ಸುಧಾರಿಸಿದರೂ ನಿಜವಾದ ಗಿರಾಕಿಯ ದೂರಿನ ಮುಂದೆ ಕೂರಿಸಲಾರದು. ಅದು ಕಂಪನಿಯಿಂದಲೇ ಆಗಬೇಕು, ಅದಕ್ಕೆ ಹೊಸ ಕಾನೂನೂ ಬೇಕಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಸಾಫ್ಟ್‌ವೇರ್ ಕಂಪನಿಗಳಿಗೂ ಅನ್ವಯಿಸುತ್ತದೆ. ಮೂವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದು 2019ರ ತಿದ್ದುಪಡಿ ನಿಯಮ ಹೇಳುತ್ತದೆ. ಪದವೀಧರರಿಗೆ ಕೊಡುವ ಕನಿಷ್ಠ ಸ್ಟೈಪೆಂಡ್‌ನ ಅರ್ಧವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಕೆಲಸವಿಲ್ಲದ ಪದವೀಧರರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುತ್ತಿರುವ ರಾಜ್ಯ ಸರ್ಕಾರ, ಅದೇ ಹಣವನ್ನು ಅಪ್ರೆಂಟಿಸ್ ಸ್ಟೈಪೆಂಡ್ ಜೊತೆಗೆ ಸೇರಿಸಿದರೆ ಕೆಜಿಎಫ್‌ನ ಹುಡುಗಿಯೊಬ್ಬಳು ಸಾಲ ಮಾಡದೆ ಒಂದು ವರ್ಷ ವೈಟ್‌ಫೀಲ್ಡ್‌ಗೆ ಓಡಾಡಿ ಕೆಲಸ ಕಲಿಯಬಹುದು. ಕಂಪನಿಗಳು ವಿನಾಯಿತಿ ಕೇಳುವುದು ಖಂಡಿತ; ಎಐ ಇರುವಾಗ ಕಲಿಯುವವರಿಗೆ ಕೊಡಲು ಕೆಲಸವೇ ಇಲ್ಲ ಎನ್ನುತ್ತವೆ. ಆದರೆ ಎಐ ಬರೆದ ಕೋಡನ್ನು ಓದಿ, ಪರೀಕ್ಷಿಸಿ, ಇದು ನಡೆಯುತ್ತದೆ ಎಂದು ಸಹಿ ಹಾಕುವವರು ಇಂದು ಎಲ್ಲ ಕಂಪನಿಗೂ ಬೇಕು. ಆ ಕೆಲಸವನ್ನು ಹಿರಿಯರೊಬ್ಬರ ಪಕ್ಕದಲ್ಲಿ ಕೂತು ಮಾಡಲು ಒಂದು ಕುರ್ಚಿ ಹೆಚ್ಚಿಗೆ ಹಾಕಿಸುವುದು ರಾಜ್ಯ ಸರ್ಕಾರಕ್ಕೆ ಅಸಾಧ್ಯವಲ್ಲ: ಜಾಗ, ತೆರಿಗೆ ರಿಯಾಯಿತಿ ಕೇಳಿಕೊಂಡು ಬರುವ ಪ್ರತಿ ಕಂಪನಿಯಿಂದ ಅಪ್ರೆಂಟಿಸ್‌ಗಳ ಲೆಕ್ಕ ಕೇಳಿದರೆ ಸಾಕು.