ಮೈಸೂರು ಹಾಗೂ ಶ್ರೀರಂಗಪಟ್ಟಣದ ಅರಮನೆಗಳು ಮತ್ತು ವಸ್ತು ಸಂಗ್ರಹಾಲಯಗಳು: ಒಂದು ದಿನದ ವೀಕ್ಷಣೆಗೆ ಮಾಹಿತಿ

ಮೈಸೂರು ನಗರ ಹಾಗೂ ಶ್ರೀರಂಗಪಟ್ಟಣದ ಪ್ರಮುಖ ಅರಮನೆಗಳನ್ನು ಒಂದೇ ದಿನದಲ್ಲಿ ವೀಕ್ಷಿಸಲು ಇಚ್ಛಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ

1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಮೈಸೂರಿನ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು. ನಗರದಲ್ಲಿ ಇಂದು ಕಾಣುವ ಅರಮನೆಗಳ ಇತಿಹಾಸವು ಬಹುಮಟ್ಟಿಗೆ ಈ ದುರಂತದೊಂದಿಗೆ ಬೆಸೆದುಕೊಂಡಿದೆ.

ವೀಕ್ಷಣಾ ಸ್ಥಳಗಳು

1. ಅಂಬಾವಿಲಾಸ ಅರಮನೆ (ಬೆಳಿಗ್ಗೆ, ಸುಮಾರು 2 ಗಂಟೆ): ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ನಿರ್ಮಾಣವನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಗೆ ವಹಿಸಿದರು. 1912ರಲ್ಲಿ ಕಾಮಗಾರಿ ಪೂರ್ಣಗೊಂಡಿತು. ಮತ್ತೆ ಬೆಂಕಿಯ ಅನಾಹುತವಾಗದಂತೆ ಕಲ್ಲು, ಇಟ್ಟಿಗೆ ಮತ್ತು ಕಬ್ಬಿಣವನ್ನು ಹೆಚ್ಚಾಗಿ ಬಳಸಲಾಯಿತು. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ತರಿಸಲಾಗಿದೆ. ಮಂಟಪದ ಗೋಡೆಗಳ ಮೇಲಿರುವ ದಸರಾ ಮೆರವಣಿಗೆಯ ವರ್ಣಚಿತ್ರಗಳು, ಬಣ್ಣದ ಗಾಜಿನ ಚಾವಣಿ, ಗೊಂಬೆತೊಟ್ಟಿ, ದರ್ಬಾರು ಸಭಾಂಗಣ ಹಾಗೂ ಸುಮಾರು 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿ ಮುಖ್ಯ ಆಕರ್ಷಣೆಗಳಾಗಿವೆ.

2. ಜಗನ್ಮೋಹನ ಅರಮನೆ (ಸುಮಾರು 1 ಗಂಟೆ): ಮುಖ್ಯ ಅರಮನೆಗೆ ಸಮೀಪದಲ್ಲಿದ್ದು, 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಿರ್ಮಾಣಗೊಂಡಿತು. ಬೆಂಕಿ ಅನಾಹುತದ ನಂತರ ರಾಜಪರಿವಾರಕ್ಕೆ ಆಶ್ರಯವಾದುದು ಈ ಕಟ್ಟಡವೇ. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕವೂ ಇಲ್ಲಿಯೇ ನೆರವೇರಿತು. 1915ರಿಂದ ಕಲಾಶಾಲೆಯಾಗಿರುವ ಇಲ್ಲಿ ರಾಜಾ ರವಿವರ್ಮರ ವರ್ಣಚಿತ್ರಗಳು ಹಾಗೂ ಎಸ್. ಎಲ್. ಹಲ್ದಣಕರ್ ಅವರು ರಚಿಸಿದ, ದೀಪ ಹಿಡಿದ ಮಹಿಳೆಯ ಜಲವರ್ಣ ಚಿತ್ರವಿದೆ.

3. ಜಯಲಕ್ಷ್ಮೀ ವಿಲಾಸ, ಮಾನಸಗಂಗೋತ್ರಿ: ಅದೇ ಜಯಲಕ್ಷಮ್ಮಣ್ಣಿಯವರಿಗಾಗಿ 1905ರಲ್ಲಿ ನಿರ್ಮಿಸಿದ ಸೌಧ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತು ಸಂಗ್ರಹಾಲಯಕ್ಕೆ ಇದು ನೆಲೆಯಾಗಿದೆ. ಸಂರಕ್ಷಣಾ ಕಾಮಗಾರಿಯ ಅವಧಿಯಲ್ಲಿ ಪ್ರವೇಶವಿರದ ಕಾರಣ ಮುಂಚಿತವಾಗಿ ವಿಚಾರಿಸುವುದು ಸೂಕ್ತ.

4. ದರಿಯಾ ದೌಲತ್, ಶ್ರೀರಂಗಪಟ್ಟಣ (ಮಧ್ಯಾಹ್ನ): ಮೈಸೂರಿನಿಂದ ಸುಮಾರು 15 ಕಿ.ಮೀ. ದೂರದಲ್ಲಿದ್ದು, ಬಸ್ಸು ಹಾಗೂ ರೈಲು ಸೌಕರ್ಯವಿದೆ. ಟಿಪ್ಪು ಸುಲ್ತಾನನು 1784ರಲ್ಲಿ ನಿರ್ಮಿಸಿದ ಈ ಬೇಸಿಗೆ ಅರಮನೆಯಲ್ಲಿ ತೇಗದ ಮರದ ಕಂಬಗಳಿವೆ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಮೈಸೂರಿನಲ್ಲಿ ಮರದ ಅರಮನೆಯು ಉಳಿಯಲಿಲ್ಲವಾದ್ದರಿಂದ, ಮರದ ಅರಮನೆಯೊಂದನ್ನು ಪ್ರತ್ಯಕ್ಷ ಕಾಣಲು ಈ ಸ್ಥಳವನ್ನು ತಪ್ಪದೇ ನೋಡಬೇಕು.

ಪ್ರವೇಶ ಮತ್ತು ರಿಯಾಯಿತಿ

• ಅಂಬಾವಿಲಾಸ ಅರಮನೆಯ ಸಾಮಾನ್ಯ ವೀಕ್ಷಣಾ ಅವಧಿ ಬೆಳಿಗ್ಗೆ 10.00ರಿಂದ ಸಂಜೆ 5.30ರವರೆಗೆ. ದಸರಾ ಸಮಯದಲ್ಲಿ ಬದಲಾವಣೆ ಇರಬಹುದು.
• ಭಾನುವಾರ ಹಾಗೂ ಸಾರ್ವಜನಿಕ ರಜಾದಿನಗಳಂದು ಸಂಜೆ ಅರಮನೆಗೆ ವಿದ್ಯುತ್ ದೀಪಾಲಂಕಾರವಿರುತ್ತದೆ. ಇದನ್ನು ನೋಡಬಯಸುವವರು ಶ್ರೀರಂಗಪಟ್ಟಣದಿಂದ ಸಂಜೆ 6 ಗಂಟೆಯೊಳಗೆ ಹಿಂದಿರುಗುವುದು ಒಳಿತು.
• ಶಾಲಾ ಪ್ರವಾಸದ ವಿದ್ಯಾರ್ಥಿಗಳು ರಿಯಾಯಿತಿಗಾಗಿ ಮುಖ್ಯೋಪಾಧ್ಯಾಯರ ಪತ್ರವನ್ನು ತರತಕ್ಕದ್ದು.
• ದರಿಯಾ ದೌಲತ್ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅಧೀನದಲ್ಲಿದ್ದು, 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ.

ಸಂದರ್ಶಕರ ಗಮನಕ್ಕೆ

• ಅರಮನೆಯೊಳಗೆ ಪಾದರಕ್ಷೆ ಧರಿಸುವಂತಿಲ್ಲ. ಸ್ವೀಕಾರ ಕೇಂದ್ರದಲ್ಲಿ ಒಪ್ಪಿಸಿ ಚೀಟಿ ಪಡೆಯತಕ್ಕದ್ದು.
• ಭಿತ್ತಿಚಿತ್ರಗಳನ್ನು ಮುಟ್ಟಬಾರದು. ಬೆವರು ಮತ್ತು ಎಣ್ಣೆಯ ಅಂಶದಿಂದ ಬಣ್ಣವು ಹಾಳಾಗುತ್ತದೆ; ಒಮ್ಮೆ ಹೋದ ಮೂಲ ಬಣ್ಣವನ್ನು ಮರಳಿ ತರಲಾಗದು.
• ಬೆಂಕಿಪೊಟ್ಟಣ, ಬೀಡಿ, ಸಿಗರೇಟುಗಳನ್ನು ಒಯ್ಯಬಾರದು. 1897ರ ಘಟನೆಯೇ ಇದಕ್ಕೆ ಎಚ್ಚರಿಕೆ.
• ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಹೊಂದಿರುವ ಮಾರ್ಗದರ್ಶಿಗಳನ್ನೇ ನೇಮಿಸಿಕೊಂಡು, ಶುಲ್ಕವನ್ನು ಮೊದಲೇ ನಿಗದಿಪಡಿಸಿಕೊಳ್ಳಿ. ಅರಮನೆ ಮುಚ್ಚಿದೆ ಎಂದು ಹೇಳಿ ಅಂಗಡಿಗಳಿಗೆ ಕರೆದೊಯ್ಯುವವರ ಮಾತನ್ನು ನಂಬದೆ, ಟಿಕೆಟ್ ಕೌಂಟರಿನಲ್ಲಿಯೇ ಖಚಿತಪಡಿಸಿಕೊಳ್ಳಿ.

ಈ ಸ್ಮಾರಕಗಳು ನಾಡಿನ ಸಮಸ್ತ ಜನರ ಆಸ್ತಿ. ಇವುಗಳನ್ನು ಮುಂದಿನ ಪೀಳಿಗೆಗೆ ಉಳಿಸಲು ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.